ಅಪರಾಧದಿಂದ ಸಮಾಜಕ್ಕೆ ಪ್ರಯೋಜನವುಂಟೆ?



 ಕಳೆದ ದಶಲಕ್ಷಣ ಪರ್ವದ ಉತ್ತಮ ಶೌಚಧರ್ಮದ ದಿನ ನಮ್ಮೂರ ಬಸದಿಯಲ್ಲಿ ಅಚೌರ್ಯಾಣುವ್ರತವನ್ನು ವಿವರಿಸಿ ನಾನು ಶಾಸ್ತ್ರ ಮುಚ್ಚುತ್ತಿದ್ದೆ. ಆಗ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದುತ್ತಿರುವ ತರುಣನೊಬ್ಬನು ಎದ್ದು ನಿಂತು, "ಗುರುಗಳೆ, ಎಲ್ಲರೂ ಈ ವ್ರತ ಹಿಡಿದರೆ ಕಳ್ಳತನವೆಂಬುದೇ ಉಳಿಯಲಾರದು ಎಂದಿರಿ. ಆದರೆ ಅಪರಾಧವಿಲ್ಲದ ಸಮಾಜವೇ ಇಲ್ಲ, ಅಪರಾಧದಿಂದ ಸಮಾಜಕ್ಕೆ ಪ್ರಯೋಜನವೂ ಉಂಟು ಎಂದು ನಮ್ಮ ಪಾಠದಲ್ಲಿದೆ. ಯಾವುದನ್ನು ನಂಬಬೇಕು?" ಎಂದು ಕೇಳಿದನು. ಕುಳಿತಿದ್ದ ಹಿರಿಯರು ನಕ್ಕರು. ನನಗೆ ನಗು ಬರಲಿಲ್ಲ. ಈ ಪ್ರಶ್ನೆಗೆ ನನ್ನ ಅಧ್ಯಾಪಕವೃತ್ತಿಯ ಒಂದು ಹಳೆಯ ಲೆಕ್ಕ ಅಂಟಿಕೊಂಡಿದೆ. ಅದನ್ನು ಮುಂದೆ ಹೇಳುತ್ತೇನೆ. ಅಂದು ನಾನು ಕೊಟ್ಟ ಉತ್ತರ ಅವಸರದ್ದು. ಇದು ಯೋಚಿಸಿ ಕೊಡುವ ಉತ್ತರ.

ಅನೇಕಾಂತವನ್ನು ನಂಬಿದವರು ಎದುರು ಪಕ್ಷದ ಮಾತನ್ನು ಪೂರ್ತಿ ಕೇಳದೆ ತೀರ್ಪು ಕೊಡಬಾರದು. ಆದ್ದರಿಂದ ಮೊದಲು ಪೂರ್ವಪಕ್ಷ. ಫ್ರಾನ್ಸ್ ದೇಶದ ಎಮಿಲ್ ದುರ್ಖೈಮ್ ಎಂಬ ಪಂಡಿತನು 1895ರಲ್ಲಿ ಸಮಾಜಶಾಸ್ತ್ರದ ವಿಧಾನವನ್ನು ಕುರಿತ ತನ್ನ ಗ್ರಂಥದಲ್ಲಿ ಈ ವಾದವನ್ನು ಮಂಡಿಸಿದನು. ಅವನ ಮಾತಿನ ಸಾರ ಇಷ್ಟು: ಅಪರಾಧವಿಲ್ಲದ ಜನಸಮೂಹ ಎಲ್ಲಿಯೂ ಕಂಡುಬಂದಿಲ್ಲ, ಎಲ್ಲೆಡೆಯೂ ಇರುವುದನ್ನು ರೋಗವೆನ್ನಲಾಗದು. ಒಬ್ಬನು ತಪ್ಪು ಮಾಡಿದಾಗ ಉಳಿದವರೆಲ್ಲ ಒಂದಾಗಿ ಅವನನ್ನು ಖಂಡಿಸುತ್ತಾರೆ. ಆ ಖಂಡನೆಯಿಂದ ಅವರ ಪರಸ್ಪರ ಬಂಧ ಬಿಗಿಯಾಗುತ್ತದೆ, ಒಳಿತು ಕೆಡುಕಿನ ಗಡಿ ಎಲ್ಲರಿಗೂ ಸ್ಪಷ್ಟವಾಗುತ್ತದೆ. ಕೆಲವೊಮ್ಮೆ ಇಂದಿನ ಅಪರಾಧಿಯೇ ನಾಳೆಯ ನೀತಿಯ ಮುಂಗೋಳಿಯಾಗುತ್ತಾನೆ. ಕ್ರಿಸ್ತಪೂರ್ವ 399ರಲ್ಲಿ ಅಥೆನ್ಸ್ ನಗರ ವಿಷ ಕುಡಿಸಿದ ಸಾಕ್ರೆಟಿಸನನ್ನು ಅವನು ಇದಕ್ಕೆ ನಿದರ್ಶನವಾಗಿ ಕೊಟ್ಟನು.

ಇನ್ನೂ ಒಂದು ಮಾತು ಹೇಳಿದನು. ಅದು ನಮ್ಮ ಕಿವಿಗೆ ವಿಶೇಷವಾಗಿ ಬೀಳಬೇಕಾದದ್ದು. ಸಾಧುಸಂತರೇ ತುಂಬಿರುವ ಒಂದು ಸಮಾಜವನ್ನು ಕಲ್ಪಿಸಿಕೊಳ್ಳಿರಿ. ಅಲ್ಲಿ ಕೊಲೆ ಸುಲಿಗೆಗಳಿರುವುದಿಲ್ಲ. ಆದರೆ ನಮಗೆ ಲೆಕ್ಕಕ್ಕೆ ಬಾರದ ಸಣ್ಣ ಲೋಪಗಳು ಅಲ್ಲಿ ಮಹಾಪರಾಧಗಳೆನಿಸುವವು ಎಂದನು. ಅಪರಾಧವನ್ನು ದ್ವೇಷಿಸಬಾರದೆಂದು ಅವನು ಹೇಳಲಿಲ್ಲ. ನೋವು ಯಾರಿಗೂ ಪ್ರಿಯವಲ್ಲದಿದ್ದರೂ ದೇಹಕ್ಕೆ ಸಹಜವಾಗಿರುವಂತೆ ಇದೂ ಸಹಜವೆಂದನು. ಈ ನ್ಯಾಯವನ್ನು ನಾವು ಅವನಿಗೆ ಸಲ್ಲಿಸಬೇಕು.

ಈಗ ವಿಚಾರಕ್ಕೆ ಬರೋಣ. ಇಲ್ಲಿ ಎರಡು ಪ್ರಶ್ನೆಗಳುಂಟು. ಅಪರಾಧ ಹುಟ್ಟುವುದು ಯಾವುದರಿಂದ? ಹುಟ್ಟಿದ ಅಪರಾಧದಿಂದ ಯಾರಿಗೆ ಏನು ಪ್ರಯೋಜನ? ಕಾರಣ ತಿಳಿಯದೆ ಪ್ರಯೋಜನ ತಿಳಿಯದು. ಆದ್ದರಿಂದ ಮೊದಲನೆಯದನ್ನು ಮೊದಲು ನೋಡೋಣ.

ಜಿನಸೇನಾಚಾರ್ಯರ ಆದಿಪುರಾಣವನ್ನು ಓದಿದವರಿಗೆ ಕುಲಕರರ ಕಥೆ ಗೊತ್ತು. ಭೋಗಭೂಮಿಯಲ್ಲಿ ಕಲ್ಪವೃಕ್ಷಗಳು ಬೇಡಿದ್ದನ್ನೆಲ್ಲ ಕೊಡುತ್ತಿದ್ದವು. ಅಲ್ಲಿ ಬೀಗವಿರಲಿಲ್ಲ, ಬೇಲಿಯಿರಲಿಲ್ಲ, ಕಳ್ಳನೂ ಇರಲಿಲ್ಲ. ಕಾಲ ಇಳಿದಂತೆ ಮರಗಳ ಫಲ ಕಡಿಮೆಯಾಯಿತು. ಈ ಮರ ನನ್ನದು, ಆ ಮರ ನಿನ್ನದು ಎಂಬ ಜಗಳ ಹುಟ್ಟಿತು. ಆಗ ಸೀಮಂಕರನೆಂಬ ಕುಲಕರನು ಮರಗಳಿಗೆ ಎಲ್ಲೆಯನ್ನು ಕಟ್ಟಬೇಕಾಯಿತು. ಆಮೇಲೆ ಬಂದ ಸೀಮಂಧರನು ಆ ಎಲ್ಲೆಗೆ ಗುರುತುಗಳನ್ನು ಹಾಕಬೇಕಾಯಿತು.

ದಂಡನೆಯೂ ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯಿತು. ಮೊದಲ ಐವರು ಕುಲಕರರ ಕಾಲದಲ್ಲಿ ತಪ್ಪಿತಸ್ಥನಿಗೆ 'ಹಾ' ಎಂದರೆ ಸಾಕಾಗಿತ್ತು. ಅಯ್ಯೋ, ಹೀಗೆ ಮಾಡಿಬಿಟ್ಟೆಯಲ್ಲ ಎಂಬ ವ್ಯಥೆಯೇ ದಂಡ. ಮುಂದಿನ ಐವರ ಕಾಲಕ್ಕೆ 'ಮಾ' ಸೇರಿತು. ಇನ್ನು ಮಾಡಬೇಡ ಎಂಬ ತಡೆ. ಅನಂತರದವರ ಕಾಲಕ್ಕೆ 'ಧಿಕ್' ಸೇರಿತು. ನಿನಗೆ ಧಿಕ್ಕಾರ ಎಂಬ ತಿರಸ್ಕಾರ. ಭರತ ಚಕ್ರವರ್ತಿಯ ಕಾಲಕ್ಕೆ ಸೆರೆಯೂ ದೇಹದಂಡನೆಯೂ ಬಂದವು. ದಂಡನೆ ಹೆಚ್ಚುತ್ತ ಹೋದದ್ದನ್ನು ಪುರಾಣಕಾರರು ಲೋಕದ ಉನ್ನತಿಯೆಂದು ವರ್ಣಿಸಲಿಲ್ಲ. ಕಾಲದ ಇಳಿತವೆಂದೇ ಲೆಕ್ಕ ಹಾಕಿದರು. ಈ ಒಂದು ಸಂಗತಿಯನ್ನು ನೆನಪಿನಲ್ಲಿಡಿರಿ.

ಇದನ್ನು ಕೇಳಿದವರು, ಹಾಗಾದರೆ ಕೊರತೆಯೇ ಅಪರಾಧದ ಕಾರಣ, ಬಡತನ ನೀಗಿದರೆ ಕಳ್ಳತನ ನೀಗಿತು ಎನ್ನಬಹುದು. ಇದು ಅರ್ಧ ಸತ್ಯ. ಉಳಿದರ್ಧಕ್ಕೆ ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆಯನ್ನು ನೋಡಿರಿ. ಅವನು ಹೊಟ್ಟೆಗಿಲ್ಲದವನಲ್ಲ, ರಾಜಪುತ್ರ. ತಳಾರನ ಮಗನಾದ ಯಮದಂಡನು ಅವನ ಬಾಲ್ಯದ ಗೆಳೆಯ. ಒಬ್ಬನು ಕಳ್ಳವಿದ್ಯೆಯನ್ನು ಕಲಿತ, ಇನ್ನೊಬ್ಬನು ಕಳ್ಳನನ್ನು ಹಿಡಿಯುವ ವಿದ್ಯೆಯನ್ನು ಕಲಿತ. ನೀನು ಕಾವಲಿರುವ ಊರಿನಲ್ಲಿಯೇ ಕದಿಯುತ್ತೇನೆಂದು ರಾಜಪುತ್ರನು ಪಂಥ ಹೂಡಿದ. ಯಮದಂಡನು ಮಿಥಿಲೆಯಲ್ಲಿ ತಳಾರನಾದಾಗ ಅಲ್ಲಿಗೂ ಬಂದ. ಹಗಲು ಕುಷ್ಠರೋಗಿಯ ವೇಷ, ಇರುಳು ಕಳ್ಳತನ. ಕೊನೆಗೆ ಅರಸನ ಹಾರವನ್ನೇ ಕದ್ದ. ಈ ಕಳವಿಗೆ ಕಾರಣವೇನು? ಹಸಿವಲ್ಲ, ದಾರಿದ್ರ್ಯವಲ್ಲ, ಗೆಳೆಯನ ಮುಂದೆ ಗೆಲ್ಲಬೇಕೆಂಬ ಮಾನಕಷಾಯ.

ಇನ್ನು ಕೆಲವರು ಮತ್ತೊಂದು ತುದಿಗೆ ಹೋದರು. ಅಪರಾಧಿ ಹುಟ್ಟುತ್ತಲೇ ಅಪರಾಧಿ ಎಂದರು. ಇಟಲಿಯ ವೈದ್ಯ ಲೊಂಬ್ರೊಸೊ 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಲೆಬುರುಡೆ, ದವಡೆ, ಕಿವಿಗಳ ಆಕಾರದಿಂದ ಹುಟ್ಟಪರಾಧಿಯನ್ನು ಗುರುತಿಸಬಹುದೆಂದು ಸಾಧಿಸಹೊರಟನು. ವಿಜ್ಞಾನ ಆ ಮಾತನ್ನು ಬಹುಕಾಲದ ಹಿಂದೆಯೇ ಕೈಬಿಟ್ಟಿತು. ಆದರೆ ಅದಕ್ಕಿಂತ ಮೊದಲೇ, 1871ರಲ್ಲಿ, ನಮ್ಮ ದೇಶದ ಬ್ರಿಟಿಷ್ ಸರಕಾರ ಇಡೀ ಜನಾಂಗಗಳನ್ನೇ ಅಪರಾಧಿ ಬುಡಕಟ್ಟುಗಳೆಂದು ಸಾರುವ ಕಾನೂನನ್ನು ಮಾಡಿತು. ಆ ಜನಾಂಗಗಳಲ್ಲಿ ಹುಟ್ಟಿದ ಕೂಸಿಗೆ ತೊಟ್ಟಿಲಲ್ಲಿಯೇ ಆ ಹೆಸರು ಅಂಟಿತು. ದೊಡ್ಡವರು ಠಾಣೆಗೆ ಹೋಗಿ ಹಾಜರಿ ಕೊಡಬೇಕು, ಊರು ಬಿಡಲು ಅಪ್ಪಣೆ ಪಡೆಯಬೇಕು. ಹುಬ್ಬಳ್ಳಿಯಲ್ಲಿ, ಸೊಲ್ಲಾಪುರದಲ್ಲಿ ಅವರನ್ನು ಕೂಡಿಹಾಕಿದ ವಸತಿಗಳಿಗೆ ಸೆಟ್ಲಮೆಂಟ್ ಎಂಬ ಹೆಸರು ಇಂದಿಗೂ ಉಳಿದಿದೆ.

ಸ್ವತಂತ್ರ ಭಾರತ ಆ ಕಾನೂನನ್ನು 1952ರಲ್ಲಿ ರದ್ದುಗೊಳಿಸಿ ಆ ಜನರನ್ನು ವಿಮುಕ್ತರೆಂದು ಕರೆಯಿತು. ಕಾನೂನು ಹೋದರೂ ಸಂಶಯ ಹೋಗಲಿಲ್ಲ. ಸೆರೆಮನೆಗಳ ಕೈಪಿಡಿಗಳಲ್ಲಿ ಉಳಿದಿದ್ದ ಜಾತಿಭೇದದ ನಿಯಮಗಳನ್ನು ಸರ್ವೋಚ್ಚ ನ್ಯಾಯಾಲಯ ತೊಡೆದುಹಾಕಿದ್ದು, ವಿಮುಕ್ತರನ್ನು ಹುಟ್ಟಿನಿಂದಲೇ ಅಪರಾಧಿಗಳಂತೆ ಕಾಣಬಾರದೆಂದು ಹೇಳಿದ್ದು 2024ರ ಅಕ್ಟೋಬರಿನಲ್ಲಿ. ನಮ್ಮ ಸಿದ್ಧಾಂತದಲ್ಲಿ ಯಾವ ಜೀವ ಭವ್ಯ, ಯಾವ ಜೀವ ಅಭವ್ಯ ಎಂದು ಹೇಳಬಲ್ಲವರು ಕೇವಲಜ್ಞಾನಿಗಳು ಮಾತ್ರ. ಆ ಅಧಿಕಾರವನ್ನು ಠಾಣೆಯ ದಫ್ತರಕ್ಕೆ ಯಾರು ಕೊಟ್ಟರು?

ಹಾಗಾದರೆ ಕಾರಣ ಯಾವುದು? ಕಾರ್ಯವೊಂದಕ್ಕೆ ಉಪಾದಾನ, ನಿಮಿತ್ತ ಎಂಬ ಎರಡು ಕಾರಣಗಳನ್ನು ನಮ್ಮ ಆಚಾರ್ಯರು ಹೇಳಿದ್ದಾರೆ. ಗಡಿಗೆಗೆ ಮಣ್ಣು ಉಪಾದಾನ. ಕುಂಬಾರ, ತಿಗರಿ, ನೀರು ಇವೆಲ್ಲ ನಿಮಿತ್ತ. ಅಪರಾಧಕ್ಕೆ ಕ್ರೋಧ, ಮಾನ, ಮಾಯಾ, ಲೋಭಗಳಿಂದ ಕದಡಿದ ಆತ್ಮಪರಿಣಾಮವೇ ಉಪಾದಾನ. ಬಡತನ, ಕೆಟ್ಟ ಸಹವಾಸ, ಅವಮಾನ, ಕೈಗೆಟುಕುವಂತೆ ಇಟ್ಟ ಹಣ ಇವು ನಿಮಿತ್ತ. ನಿಮಿತ್ತವನ್ನು ಮಾತ್ರ ನೋಡುವವನು ಕಳ್ಳನ ಪುರುಷಾರ್ಥವನ್ನು ಕಸಿದುಕೊಂಡು ಅವನನ್ನು ಗಾಳಿಗೆ ಹಾರುವ ತರಗೆಲೆ ಮಾಡುತ್ತಾನೆ. ಉಪಾದಾನವನ್ನು ಮಾತ್ರ ನೋಡುವವನು ತನ್ನ ಕೈಯನ್ನು ಸುಲಭವಾಗಿ ತೊಳೆದುಕೊಳ್ಳುತ್ತಾನೆ.

ಇಲ್ಲಿ ನಮ್ಮವರೇ ಎತ್ತುವ ಆಕ್ಷೇಪವೊಂದುಂಟು. "ಅವನು ಕದ್ದದ್ದು ಅವನ ಪೂರ್ವಕರ್ಮದಿಂದ, ನಾವೇನು ಮಾಡಲಾದೀತು?" ಬಂಧುಗಳೆ, ಕರ್ಮಸಿದ್ಧಾಂತವನ್ನು ಸೋಮಾರಿತನದ ಹಾಸಿಗೆ ಮಾಡಿಕೊಳ್ಳಬಾರದು. ಕರ್ಮ ಉದಯಕ್ಕೆ ಬರುವುದು ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ಆಶ್ರಯಿಸಿ ಎಂದು ಶಾಸ್ತ್ರವೇ ಹೇಳುತ್ತದೆ. ಒಬ್ಬನ ಕ್ಷೇತ್ರದಲ್ಲಿ, ಒಬ್ಬನ ಕಾಲದಲ್ಲಿ ನಾವೂ ಇದ್ದೇವೆ. ಅವನ ಕರ್ಮ ನಮ್ಮದಲ್ಲ. ಅವನಿಗೆ ನಾವು ಒದಗಿಸುವ ನಿಮಿತ್ತ ನಮ್ಮದು.

ಜಪಮಾಲೆಯ 108 ಮಣಿಗಳ ಲೆಕ್ಕವನ್ನು ಹಿರಿಯರು ನಮಗೆ ಕಲಿಸಿಲ್ಲವೆ? ಸಂರಂಭ, ಸಮಾರಂಭ, ಆರಂಭ ಎಂಬ ಮೂರು, ಅಂದರೆ ಸಂಕಲ್ಪ, ಸಿದ್ಧತೆ, ಕೃತಿ, ಮನ, ವಚನ, ಕಾಯ ಎಂಬ ಮೂರು, ಕೃತ, ಕಾರಿತ, ಅನುಮತ ಎಂಬ ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ 108 ಆಸ್ರವದ್ವಾರಗಳು. ರಾಜ್ಯದ ಕಾನೂನು ಇವುಗಳಲ್ಲಿ ಕೈಯಿಂದ ಮಾಡಿದ್ದನ್ನು ಹಿಡಿಯುತ್ತದೆ. ಕೆಲವೊಮ್ಮೆ ಮಾಡಿಸಿದ್ದನ್ನೂ ಹಿಡಿಯುತ್ತದೆ. ಒಳಗೊಳಗೇ ಒಪ್ಪಿಕೊಂಡದ್ದನ್ನು ಅದು ಹಿಡಿಯಲಾರದು. ಸೆರೆಮನೆಯಲ್ಲಿ ಕುಳಿತವನು ಒಂದೆರಡು ಮಣಿಗಳ ಅಪರಾಧಿ. ಹೊರಗಿರುವ ನಾವು ಉಳಿದ ಮಣಿಗಳನ್ನು ಎಣಿಸಿಕೊಳ್ಳಬೇಕು.

ಅಚೌರ್ಯವ್ರತದ ಐದು ಅತಿಚಾರಗಳನ್ನು ಉಮಾಸ್ವಾಮಿಗಳು ಪಟ್ಟಿ ಮಾಡಿದ್ದನ್ನು ಗಮನಿಸಿರಿ. ಕಳ್ಳನಿಗೆ ಪ್ರೇರಣೆ ಕೊಡುವುದು ಸ್ತೇನಪ್ರಯೋಗ. ಕದ್ದ ವಸ್ತುವನ್ನು ಅಗ್ಗಕ್ಕೆ ಕೊಳ್ಳುವುದು ತದಾಹೃತಾದಾನ. ರಾಜ್ಯದ ಕಟ್ಟಳೆಯನ್ನು ಮೀರಿ ಲಾಭ ಮಾಡುವುದು ವಿರುದ್ಧರಾಜ್ಯಾತಿಕ್ರಮ. ಕೊಡುವಾಗ ಒಂದು ತೂಕ, ಕೊಳ್ಳುವಾಗ ಒಂದು ತೂಕ ಇಡುವುದು ಹೀನಾಧಿಕ ಮಾನೋನ್ಮಾನ. ಬೆರಕೆಯ ಮಾಲನ್ನು ಅಚ್ಚ ಮಾಲೆಂದು ಮಾರುವುದು ಪ್ರತಿರೂಪಕ ವ್ಯವಹಾರ. ಈ ಐದರಲ್ಲಿ ಇರುಳಿನಲ್ಲಿ ಕನ್ನ ಕೊರೆಯುವವನ ಹೆಸರೇ ಇಲ್ಲ! ಐದೂ ಹಗಲಿನಲ್ಲಿ ಅಂಗಡಿಯ ಗಾದಿಯ ಮೇಲೆ ಕುಳಿತು ಮಾಡಬಹುದಾದವು.

ಅಮೆರಿಕದ ಸದರ್ಲೆಂಡ್ ಎಂಬ ವಿದ್ವಾಂಸನು ಮರ್ಯಾದಸ್ಥ ವ್ಯಾಪಾರಿಗಳ, ಅಧಿಕಾರಿಗಳ ಅಪರಾಧವನ್ನೂ ಅಪರಾಧವೆಂದೇ ಎಣಿಸಬೇಕು. ಬಡತನವೊಂದನ್ನೇ ಕಾರಣವೆಂದರೆ ಇದನ್ನು ವಿವರಿಸಲಾಗದು ಎಂದು 1939ರಲ್ಲಿ ವಾದಿಸಿದಾಗ ಅಲ್ಲಿಯವರಿಗೆ ಹೊಸದಾಗಿ ತೋರಿತು. ನಮ್ಮ ಶ್ರಾವಕಾಚಾರಕ್ಕೆ ಅದು ಶತಮಾನಗಳ ಹಳೆಯ ಮಾತು. ಹಳೆಯದೆಂದು ನಾವು ಹೆಮ್ಮೆಪಟ್ಟರೆ ಸಾಲದು. ನಮ್ಮ ತಕ್ಕಡಿಗಳನ್ನು ನೋಡಿಕೊಳ್ಳಬೇಕು.

ಈಗ ನನ್ನ ಸ್ವಂತ ಲೆಕ್ಕವನ್ನು ಹೇಳುತ್ತೇನೆ. 1988ರಲ್ಲಿ ನಾನು ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಎಂಟನೆಯ ಇಯತ್ತೆಯ ವರ್ಗಶಿಕ್ಷಕನಾಗಿದ್ದೆ. ಪ್ರವಾಸಕ್ಕಾಗಿ ಮಕ್ಕಳಿಂದ ಹಣ ಕೂಡಿಸುತ್ತಿದ್ದೆ. ಕೊಡದವರ ಹೆಸರುಗಳನ್ನು ದಿನವೂ ಹಾಜರಿ ಮುಗಿದ ಮೇಲೆ ಗಟ್ಟಿಯಾಗಿ ಓದುತ್ತಿದ್ದೆ. ಐದನೆಯ ದಿನ ಮೇಜಿನ ಖಾನೆಯಿಂದ ಅರವತ್ತು ರೂಪಾಯಿ ಕಾಣೆಯಾಯಿತು. ಹಣ ಒಬ್ಬ ಕೂಲಿಕಾರನ ಮಗನ ಚೀಲದಲ್ಲಿ ಸಿಕ್ಕಿತು. ಅವನೇ ಕದ್ದದ್ದು, ಅದರಲ್ಲಿ ಸಂಶಯವಿರಲಿಲ್ಲ, ಅವನೂ ಅಲ್ಲಗಳೆಯಲಿಲ್ಲ. ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ ಅವನನ್ನು ಎಲ್ಲರ ಎದುರು ನಿಲ್ಲಿಸಿ, ಅಸ್ತೇಯವನ್ನು ಕುರಿತು ಇಪ್ಪತ್ತು ನಿಮಿಷ ಉಪದೇಶ ಮಾಡಿದೆ.

ಆಮೇಲೆ ಏನಾಯಿತೆಂದರೆ, ದುರ್ಖೈಮ್ ಪಂಡಿತನು ಹೇಳಿದ್ದೇ ಆಯಿತು. ವರ್ಗ ಒಂದಾಯಿತು. ತಿಂಗಳುಗಟ್ಟಲೆ ಯಾರದೂ ಒಂದು ಪೆನ್ಸಿಲು ಕಳೆಯಲಿಲ್ಲ. ಎಂದೂ ಮಾತನಾಡದ ಮಕ್ಕಳು ಪರಸ್ಪರ ಮಾತನಾಡಿದರು, ಅವನ ವಿಷಯವಾಗಿ. ಮುಖ್ಯೋಪಾಧ್ಯಾಯರು ನನ್ನನ್ನು ಕರೆದು ಶಿಸ್ತಿಗಾಗಿ ಹೊಗಳಿದರು. ನಾನು ಹಿಗ್ಗಿದೆ. ಆ ಹುಡುಗ ಮೂರು ದಿನ ಹಿಂದಿನ ಬೆಂಚಿನಲ್ಲಿ ಒಬ್ಬನೇ ಕುಳಿತ; ನಾಲ್ಕನೆಯ ದಿನದಿಂದ ಬರಲಿಲ್ಲ. ಅವನ ಮನೆ ಶಾಲೆಯಿಂದ ಅರ್ಧ ಮೈಲಿ. ನಾನು ಹೋಗಲಿಲ್ಲ.

ಅವನು ಕದ್ದದ್ದೇಕೆ? ನಾಲ್ಕು ದಿನ ಅವನ ಹೆಸರನ್ನು ಗಟ್ಟಿಯಾಗಿ ಓದಿದವನು ನಾನು. ಖಾನೆಗೆ ಕೀಲಿ ಹಾಕದೆ ಹೋದವನೂ ನಾನು. ನಿಮಿತ್ತ ನನ್ನ ಹಾಜರಿ ಪುಸ್ತಕದಲ್ಲಿಯೇ ಇತ್ತು. ಆದರೂ ಉಳಿದ ಸತ್ಯವನ್ನು ಮರೆಮಾಡಬಾರದು. ಅದೇ ಪಟ್ಟಿಯಲ್ಲಿ ಇನ್ನಿಬ್ಬರು ಬಡಮಕ್ಕಳ ಹೆಸರಿತ್ತು. ಅವರು ಪ್ರವಾಸಕ್ಕೂ ಬರಲಿಲ್ಲ, ಕದಿಯಲೂ ಇಲ್ಲ. ಆದ್ದರಿಂದ ಅವನ ತಪ್ಪು ಅವನದೇ. ನನ್ನ ತಪ್ಪು ನನ್ನದು. ಒಂದು ತಪ್ಪು ಇನ್ನೊಂದನ್ನು ಅಳಿಸದು. ಆದರೆ ಅಂದು ಪ್ರಾರ್ಥನೆಯಲ್ಲಿ ಒಬ್ಬನೇ ನಿಂತಿದ್ದ, ಇಬ್ಬರು ನಿಲ್ಲಬೇಕಾಗಿತ್ತು.

ಆ ಅರ್ಧ ಮೈಲಿಯನ್ನು ನಾನು ನಡೆದದ್ದು ನಿವೃತ್ತನಾದ ಮೇಲೆ, ಒಂದು ಕ್ಷಮಾವಾಣಿಯ ದಿನ. ಆ ಮನೆಯಲ್ಲಿ ಬೇರೆಯವರಿದ್ದರು. ಆ ಕುಟುಂಬ ಎಲ್ಲಿಗೆ ಹೋಯಿತೆಂದು ಅವರಿಗೆ ಗೊತ್ತಿರಲಿಲ್ಲ. ಅಂದಿನಿಂದ ಪ್ರತಿ ಚತುರ್ದಶಿಯ ಉಪವಾಸದಲ್ಲಿ ಆಲೋಚನಾಪಾಠದ ಹೊತ್ತಿಗೆ ಅವನ ಹೆಸರನ್ನು ನಾನು ಮನಸ್ಸಿನಲ್ಲಿ ಓದುತ್ತೇನೆ, ಈ ಸಲ ಗಟ್ಟಿಯಾಗಿ ಅಲ್ಲ.

ತರುಣನ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕುತ್ತದೆ. ಅಪರಾಧದಿಂದ ಪ್ರಯೋಜನವಾಯಿತೆ? ಆಯಿತು, ಸುಳ್ಳು ಹೇಳಲಾರೆ. ನನ್ನ ವರ್ಗಕ್ಕೆ ಶಿಸ್ತು ಬಂತು, ನನಗೆ ಹೊಗಳಿಕೆ ಬಂತು. ಆದರೆ ಅದರ ಬೆಲೆಯನ್ನು ಕೊಟ್ಟವನು ಒಬ್ಬ ಬಾಲಕ. ನಲವತ್ತು ಮಕ್ಕಳ ಒಗ್ಗಟ್ಟಿಗಾಗಿ ಒಂದು ಮಗುವಿನ ಬದುಕನ್ನು ತೆತ್ತ ವ್ಯಾಪಾರವನ್ನು ಲಾಭವೆಂದು ಬರೆಯುವ ಖಾತೆಪುಸ್ತಕ ಯಾವುದು? ಇನ್ನೊಂದು ಸಂಗತಿ. ಮುಳ್ಳು ಚುಚ್ಚಿದಾಗ ಕಾಲನ್ನು ನೋಡಿಕೊಳ್ಳುತ್ತೇವೆ, ದಾರಿಯನ್ನೂ ನೋಡುತ್ತೇವೆ. ಹಾಗೆಂದು ಮುಳ್ಳು ಕಾಲಿಗೆ ಬೇಕಾದ ಅಂಗವಾಗುವುದಿಲ್ಲ. ಪ್ರಯೋಜನವಿರುವುದು ಮುಳ್ಳಿನಲ್ಲಲ್ಲ, ನೋಡಿಕೊಳ್ಳುವ ಕಣ್ಣಿನಲ್ಲಿ. ಮುಳ್ಳು ಚುಚ್ಚದೆಯೂ ನೋಡಿ ನಡೆಯುವುದಕ್ಕೆ ನಮ್ಮ ಮುನಿಗಳು ಈರ್ಯಾಸಮಿತಿ ಎಂಬ ಹೆಸರಿಟ್ಟಿದ್ದಾರೆ.

ಸಾಕ್ರೆಟಿಸನ ಮಾತು ಏನಾಯಿತು ಎಂದು ಕೇಳಬಹುದು. ಇಲ್ಲಿ ವಿವೇಕ ಬೇಕು. 1922ರ ಮಾರ್ಚ್ 18ರಂದು ಅಹಮದಾಬಾದಿನ ನ್ಯಾಯಾಲಯದಲ್ಲಿ ಮಹಾತ್ಮಾ ಗಾಂಧಿಯವರು ಆರೋಪವನ್ನು ತಾವಾಗಿ ಒಪ್ಪಿಕೊಂಡು ಅತ್ಯಧಿಕ ಶಿಕ್ಷೆಯನ್ನು ಬೇಡಿದರು. ಆರು ವರ್ಷಗಳ ಸೆರೆಯಾಯಿತು. 1930ರಲ್ಲಿ ನಮ್ಮ ಅಂಕೋಲೆಯಲ್ಲಿ ಜನರು ಹಗಲುಹೊತ್ತಿನಲ್ಲಿ ಎಲ್ಲರ ಎದುರು ಉಪ್ಪಿನ ಕಾನೂನನ್ನು ಮುರಿದರು. ಅಲ್ಲಿ ಮಾಯೆಯಿಲ್ಲ, ಏಕೆಂದರೆ ಮರೆಯಿಲ್ಲ. ಲೋಭವಿಲ್ಲ, ಏಕೆಂದರೆ ಲಾಭವಿಲ್ಲ. ಕಷಾಯವಿಲ್ಲದ ಕಾನೂನುಭಂಗವನ್ನು ರಾಜ್ಯ ಅಪರಾಧವೆಂದು ಬರೆದುಕೊಳ್ಳಬಹುದು; ಧರ್ಮ ಹಾಗೆ ಬರೆದುಕೊಳ್ಳುವುದಿಲ್ಲ. ಸತ್ಯಾಗ್ರಹಿಯನ್ನೂ ಕಿಸೆಗಳ್ಳನನ್ನೂ ಒಂದೇ ಹೆಸರಿನಿಂದ ಕರೆದರೆ ಇಬ್ಬರಿಗೂ ಅನ್ಯಾಯ.

ಗಾಂಧಿಯವರದೇ ಇನ್ನೊಂದು ಪ್ರಸಂಗ ನಮಗೆ ಹೆಚ್ಚು ಹತ್ತಿರದ್ದು. ವಿಲಾಯತಿಗೆ ಹೊರಡುವ ಮುನ್ನ 1888ರಲ್ಲಿ ಬೇಚರಜಿ ಸ್ವಾಮಿ ಎಂಬ ಜೈನ ಸಾಧುಗಳ ಎದುರಿನಲ್ಲಿ ಅವರು ವ್ರತ ಸ್ವೀಕರಿಸಿದ್ದು ಹಲವರಿಗೆ ಗೊತ್ತು. ಅದಕ್ಕೂ ಮುಂಚೆ, ಸುಮಾರು 15ರ ವಯಸ್ಸಿನಲ್ಲಿ, ಅವರು ಅಣ್ಣನ ಕಡಗದಿಂದ ಚಿನ್ನದ ಚೂರೊಂದನ್ನು ಕದ್ದಿದ್ದರು. ಮನಸ್ಸು ತಡೆಯಲಿಲ್ಲ. ತಪ್ಪನ್ನು ಕಾಗದದಲ್ಲಿ ಬರೆದು, ತಕ್ಕ ಶಿಕ್ಷೆಯನ್ನು ಬೇಡಿ, ಕಾಯಿಲೆಯಿಂದ ಮಲಗಿದ್ದ ತಂದೆಯ ಕೈಗೆ ಕೊಟ್ಟರು. ತಂದೆ ಎದ್ದು ಕುಳಿತು ಓದಿದರು. ಕಣ್ಣೀರು ಕಾಗದವನ್ನು ತೋಯಿಸಿತು. ಹರಿದು ಹಾಕಿ ಮತ್ತೆ ಮಲಗಿದರು. ಬೈಯಲಿಲ್ಲ, ಹೊಡೆಯಲಿಲ್ಲ. ಕುಲಕರರ ಮೊದಲ ದಂಡನೆ, 'ಹಾ' ಎಂಬ ವ್ಯಥೆ, ಇದೇ ಅಲ್ಲವೆ? ನಾನು ನನ್ನ ವಿದ್ಯಾರ್ಥಿಗೆ ನೇರವಾಗಿ 'ಧಿಕ್' ಎಂದುಬಿಟ್ಟಿದ್ದೆ. ಮೊದಲೆರಡು ಮೆಟ್ಟಿಲುಗಳು ನನಗೆ ನೆನಪಾಗಲಿಲ್ಲ.

ವಿದ್ಯುಚ್ಚೋರನ ಕಥೆಯ ಉತ್ತರಾರ್ಧವೂ ಇದನ್ನೇ ಹೇಳುತ್ತದೆ. ಅವನು ಸಿಕ್ಕಿಬಿದ್ದಾಗ ಯಮದಂಡನು ಬಗೆಬಗೆಯ ಯಾತನೆ ಕೊಡಿಸಿದನು. ಕಳ್ಳನು ಬಾಯಿ ಬಿಡಲಿಲ್ಲ. ಅರಸನು ಕೊನೆಗೆ ಆಶ್ಚರ್ಯದಿಂದ, ಇಷ್ಟನ್ನು ಹೇಗೆ ತಾಳಿದೆ ಎಂದು ಕೇಳಿದಾಗ, ಮುನಿಗಳಿಂದ ನರಕದ ದುಃಖವನ್ನು ಕೇಳಿದ್ದೇನೆ, ಅದರ ಮುಂದೆ ಇದೆಷ್ಟರದು ಎಂದನು. ಯಾತನೆ ಹೊರಡಿಸಲಾರದ ಸತ್ಯವನ್ನು ಒಂದು ಪ್ರಶ್ನೆ ಹೊರಡಿಸಿತು. ಕಳ್ಳನೊಳಗೆ ಧರ್ಮಶ್ರವಣದ ಬೀಜವಿದ್ದದ್ದು ಆಗ ತಿಳಿಯಿತು. ಅವನು ದೀಕ್ಷೆ ಪಡೆದು, ಮುನಿಯಾಗಿ ಘೋರ ಉಪಸರ್ಗವನ್ನು ಸಮತೆಯಿಂದ ಸಹಿಸಿದನು. ಹಾರ ಕದ್ದವನ ಹೆಸರು ಆರಾಧಕರ ಸಾಲಿನಲ್ಲಿ ಬಂತು.

ಇನ್ನು ದುರ್ಖೈಮ್‌ನ ಸಾಧುಗಳ ಸಮಾಜಕ್ಕೆ ಬರೋಣ. ಅವನು ಕಲ್ಪಿಸಿಕೊಂಡದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ, ಅದು ಮುನಿಸಂಘ. ಅಲ್ಲಿಯೂ ದೋಷಗಳುಂಟು ಎಂಬ ಅವನ ಮಾತು ನಿಜ. ಇಲ್ಲದಿದ್ದರೆ ತತ್ತ್ವಾರ್ಥಸೂತ್ರದಲ್ಲಿ ಒಂಬತ್ತು ಬಗೆಯ ಪ್ರಾಯಶ್ಚಿತ್ತ ಏಕೆ ಬರುತ್ತಿತ್ತು? ಆದರೆ ಆ ಸಂಘವನ್ನು ಒಂದುಗೂಡಿಸುವುದು ದೋಷಿಯ ಮೇಲಿನ ರೋಷವಲ್ಲ. ಮೊದಲನೆಯ ಪ್ರಾಯಶ್ಚಿತ್ತವೇ ಆಲೋಚನಾ; ಅಂದರೆ ಯಾರೂ ಹಿಡಿದು ತರುವ ಮೊದಲು ತಾನಾಗಿ ಗುರುವಿನ ಬಳಿ ಹೋಗಿ ತನ್ನ ದೋಷವನ್ನು ಹೇಳಿಕೊಳ್ಳುವುದು. ಎರಡನೆಯದು ಪ್ರತಿಕ್ರಮಣ, ದಾರಿ ತಪ್ಪಿದಲ್ಲಿಂದ ಹಿಂದಿರುಗುವುದು. ಹಿರಿತನವನ್ನು ಕಡಿಮೆ ಮಾಡುವ ಛೇದವುಂಟು. ಕೆಲಕಾಲ ಸಂಘದಿಂದ ದೂರವಿಡುವ ಪರಿಹಾರವುಂಟು. ಆದರೆ ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ. ಒಂಬತ್ತನೆಯದು ಉಪಸ್ಥಾಪನಾ, ಮತ್ತೆ ದೀಕ್ಷೆ ಕೊಟ್ಟು ಸೇರಿಸಿಕೊಳ್ಳುವುದು. ಪಟ್ಟಿಯ ಕೊನೆಯ ಹೆಸರು ಹೊರದೂಡುವಿಕೆಯಲ್ಲ, ಮರಳಿ ಬರುವಿಕೆ.

ಆದ್ದರಿಂದ ನನ್ನ ಸಿದ್ಧಾಂತ ಇಷ್ಟು. ಅಪರಾಧದಿಂದ ದೊರೆಯುವುದೆಂದು ಹೇಳುವ ಎರಡು ಪ್ರಯೋಜನಗಳನ್ನು, ಗಡಿಯ ಅರಿವನ್ನೂ ಸಮೂಹದ ಒಗ್ಗಟ್ಟನ್ನೂ, ಅಪರಾಧವಿಲ್ಲದೆಯೇ ಪಡೆಯುವ ಮಾರ್ಗವನ್ನು ನಮ್ಮ ಆಚಾರ್ಯರು ತೋರಿಸಿದ್ದಾರೆ. ಪರರ ದೋಷದ ಸುತ್ತ ಸೇರುವ ಸಮಾಜಕ್ಕೆ ದಿನವೂ ಒಬ್ಬ ಅಪರಾಧಿ ಬೇಕಾಗುತ್ತದೆ. ಸಿಕ್ಕದಿದ್ದರೆ 1871ರಲ್ಲಿ ಮಾಡಿದಂತೆ ಹುಟ್ಟಿಸಿಕೊಳ್ಳುತ್ತದೆ. ತನ್ನ ತನ್ನ ದೋಷವನ್ನು ಹೇಳಿಕೊಳ್ಳುವುದಕ್ಕಾಗಿ ಸೇರುವ ಸಮಾಜಕ್ಕೆ ಅಪರಾಧಿಯ ಅಗತ್ಯವಿಲ್ಲ. ಕ್ಷಮಾವಾಣಿಯ ದಿನ ನಾವು ಒಬ್ಬರ ಮುಂದೊಬ್ಬರು ಕೈಮುಗಿದು ನಿಲ್ಲುವಾಗ ಅನುಭವಿಸುವ ಬಂಧ ಯಾರ ಬಲಿಯ ಮೇಲೂ ಕಟ್ಟಿದ್ದಲ್ಲ.

ಹಾಗಾದರೆ ರಾಜ್ಯ ದಂಡಿಸಬಾರದೆ? ದಂಡಿಸಬೇಕು, ಗೃಹಸ್ಥಧರ್ಮ ಅದನ್ನು ನಿಷೇಧಿಸುವುದಿಲ್ಲ. ಕಳವಾದವನ ನಷ್ಟವನ್ನೂ ಹೊಡೆತ ತಿಂದವನ ನೋವನ್ನೂ ಮರೆತ ಕರುಣೆ ಕರುಣೆಯಲ್ಲ. ಆದರೆ ದಂಡನೆಯಲ್ಲಿ ಉಪಸ್ಥಾಪನೆಯ ಬಾಗಿಲು ತೆರೆದಿರಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಕಳವನ್ನು ಮೊದಲ ಸಲ ಮಾಡಿದವನು ಆ ವಸ್ತುವನ್ನು ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆಯನ್ನು ಹೇಳಿದೆ. ಇದು ಒಳ್ಳೆಯ ಹೆಜ್ಜೆ. ಇನ್ನೊಂದೆಡೆ, 2022ರ ಕೊನೆಯ ಸರಕಾರಿ ಲೆಕ್ಕದಂತೆ ನಮ್ಮ ದೇಶದ ಸೆರೆಮನೆಗಳಲ್ಲಿದ್ದ ನಾಲ್ವರಲ್ಲಿ ಮೂವರು ಇನ್ನೂ ತೀರ್ಪು ಬಾರದ ವಿಚಾರಣಾಧೀನರು. ತಪ್ಪು ಸಿದ್ಧವಾಗುವ ಮೊದಲೇ 'ಧಿಕ್' ಎಂದಂತಾಯಿತು.

ಕೊನೆಯದಾಗಿ, ಉಪವಾಸವನ್ನು ಆಚರಿಸುವ ಸಹೋದರ ಸಹೋದರಿಯರಿಗೆ ಒಂದು ಬಿನ್ನಹ. ಕಷಾಯ, ವಿಷಯ, ಆಹಾರ ಈ ಮೂರನ್ನೂ ಬಿಟ್ಟರೆ ಉಪವಾಸ. ಆಹಾರವೊಂದನ್ನೇ ಬಿಟ್ಟರೆ ಲಂಘನ ಎಂದು ಹಿರಿಯರು ಎಚ್ಚರಿಸಿದ್ದಾರೆ. ಬರುವ ಅಷ್ಟಮಿಯಂದೋ ಚತುರ್ದಶಿಯಂದೋ ಪ್ರೋಷಧ ಹಿಡಿದಾಗ ಮೂರು ಕೆಲಸಗಳನ್ನು ಮಾಡಿರಿ. ಅಂಗಡಿಯ ತೂಕವನ್ನೂ ಖಾತೆಯನ್ನೂ ಐದು ಅತಿಚಾರಗಳ ಎದುರಿಗಿಟ್ಟು ನೋಡಿರಿ. ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ದುಡಿಯುವವರಿಗೆ ಕೊಡಬೇಕಾದ ಕೂಲಿ ಉಳಿದಿದ್ದರೆ ಅಂದೇ ಕೊಡಿರಿ. ಅದು ಅವರ ಮನೆಯಲ್ಲಿ ಯಾವ ನಿಮಿತ್ತವಾಗುತ್ತದೆಯೋ ನಮಗೆ ತಿಳಿಯದು. ಎಂದೋ ಒಂದು ದಿನ ಯಾರಿಗಾದರೂ ಕಳ್ಳನೆಂದು ಹೆಸರಿಟ್ಟು ಬಾಗಿಲು ಮುಚ್ಚಿದ್ದರೆ, ಆ ಬಾಗಿಲಿಗೆ ನಡೆದುಹೋಗಿರಿ. ಅರ್ಧ ಮೈಲಿಯಿರಬಹುದು. ತಡಮಾಡಿದರೆ ಆ ಮನೆಯಲ್ಲಿ ಬೇರೆಯವರಿರುತ್ತಾರೆ.

ಅಂದು ಪ್ರಶ್ನೆ ಕೇಳಿದ ತರುಣನಿಗೂ ಇದೇ ಉತ್ತರ: ಅಪ್ಪಾ, ನಿನ್ನ ಪಾಠದ ಪುಸ್ತಕ ಸಮಾಜ ಹೇಗಿದೆ ಎಂಬುದನ್ನು ಹೇಳುತ್ತದೆ, ವ್ರತ ನಾವು ಹೇಗಿರಬೇಕು ಎಂಬುದನ್ನು ಹೇಳುತ್ತದೆ. ಎರಡನ್ನೂ ಓದು. ಪರೀಕ್ಷೆಯಲ್ಲಿ ಮೊದಲನೆಯದನ್ನು ಬರೆ, ಬದುಕಿನಲ್ಲಿ ಎರಡನೆಯದನ್ನು ಹಿಡಿ.

ಸಕಲ ಜೀವರಾಶಿಗೂ ಕಲ್ಯಾಣವಾಗಲಿ. ಈ ಬರಹದಲ್ಲಿ ತಿಳಿಯದೆ ದೋಷ ಬಂದಿದ್ದರೆ ಬಲ್ಲವರು ತಿದ್ದಲಿ, ನನ್ನನ್ನು ಕ್ಷಮಿಸಲಿ.